ಗೋಡೆಯ ಮೇಲೆ ನನ್ನ ಬಾಯಿ

ವೈತೋಲೋ, ಸವಾಯಿ ದ್ವೀಪ, ಸಮೋವಾ
17 ಜೂನ್ 2024

ಈ ಕಾಗದ ಯಾರ ಕೈಯಲ್ಲಿದೆಯೋ ಅವರು ಮೊದಲು ಬಾಯಲ್ಲಿರುವುದನ್ನು ನುಂಗಿ ನೆಟ್ಟಗೆ ಕೂತುಕೊಳ್ಳಿ. ಮೆಲ್ಲುತ್ತಾ ಓದುವ ಚಾಳಿ ನಮ್ಮ ಮನೆಯದಲ್ಲ. ಇನ್ನೊಬ್ಬರ ಕಾಗದ ಬಿಚ್ಚುವ ಚಾಳಿಯೂ ನಮ್ಮದಲ್ಲ, ಬಿಚ್ಚಿದ್ದರೆ ಮಡಿಸಿಟ್ಟು ಆಚೆ ಹೋಗಿ. ನೀನೇ ಆಗಿದ್ದರೆ ವಾಯೋಲಾ, ನಿನಗೆ ಬೇರೆಯದೇ ಬೈಗುಳವಿದೆ. ಓದು.

ಮೂರು ಭಾನುವಾರದಿಂದ ಫೋನು ಮಾಡುತ್ತಿದ್ದೀ. ಅಜ್ಜಿ ಯಾಕೆ ಎತ್ತುವುದಿಲ್ಲ ಎಂದು ನಿನ್ನ ಮಾವ ಎನೋಕಾನ ತಲೆ ತಿನ್ನುತ್ತಿದ್ದೀ. ಎತ್ತುವುದಿಲ್ಲ. ಇನ್ನು ಮೇಲೆ ನನ್ನ ದನಿ ಯಾವ ಪೆಟ್ಟಿಗೆಯಿಂದಲೂ ನಿನ್ನ ಕಿವಿಗೆ ಬೀಳುವುದಿಲ್ಲ. ಕಾಗದಕ್ಕೆ ದನಿಯಿಲ್ಲ, ಅದನ್ನು ಗೋಡೆಗೆ ಬಿಟ್ಟು ಮಕ್ಕಳ ಕೈಲಿ ಹೇಳಿಸಲಿಕ್ಕೆ ಬರುವುದಿಲ್ಲ. ಪಾದ್ರಿಯ ಶಾಲೆಯಲ್ಲಿ ಬೈಬಲ್ ಓದುವಷ್ಟು ಅಕ್ಷರ ಕಲಿತಿದ್ದೆ. ಇಷ್ಟಕ್ಕಾದರೂ ಬಂತು.

ಪಾದ್ರಿಯಮ್ಮನ ತಂಗಿ ಆಕ್ಲೆಂಡಿನಲ್ಲಿ ನೀನು ಪಾಠ ಹೇಳುವ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಾಳೆ. ಸಮೋವಾ ಭಾಷಾ ವಾರದ ಕಾರ್ಯಕ್ರಮಕ್ಕೆ ಬಂದಿದ್ದಳಂತೆ. ನೋಡಿ ಬಂದವಳು ಅಕ್ಕನಿಗೆ ಫೋನು ಮಾಡಿ, "ನಿಮ್ಮೂರಿನ ಫುವಾತಿನೋ ಅಜ್ಜೀನ ನೋಡಿದೆ ಕಣೇ! ಬರೀ ಬಾಯಿ! ಗೋಡೆಯಷ್ಟಗಲ ಬಾಯಿ! ಹಲ್ಲು ಬಿದ್ದಿರೋ ಸಂದೀಲಿ ಕುರ್ಚಿ ಹಾಕ್ಕೊಂಡು ಕೂರಬಹುದಾಗಿತ್ತು" ಎಂದಳಂತೆ. ಬಾಯಿ ಒಂದು ಹೆಸರು ಹೇಳಿ ನಿಲ್ಲುತ್ತದಂತೆ, ಮಕ್ಕಳೆಲ್ಲ ಒಟ್ಟಿಗೆ ಅದನ್ನು ಹೇಳುತ್ತವಂತೆ. ಆಮೇಲೆ ಇನ್ನೊಂದು ಹೆಸರು. ನಡುವೆ ನಾನು "ಆಚೆ ಹೋಗು, ದರಿದ್ರ ಹಂದಿ" ಎಂದು ಗದರಿದ್ದೂ ಇತ್ತಂತೆ, ಮಕ್ಕಳು ಅದನ್ನೂ ಭಕ್ತಿಯಿಂದ ಹೇಳಿದವಂತೆ. ಪಾದ್ರಿಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾ ನನಗೆ ಹೇಳಿದರು. ಅವರು ಬೇರೆ ಊರಿನವರು. ಅವು ಎಂಥ ಹೆಸರುಗಳು ಎಂದು ಅವರಿಗೇನು ಗೊತ್ತು? ನಾನು ತಾರೊ ಗಡ್ಡೆ ಹೆರೆಯುತ್ತಿದ್ದೆ. ಕೈ ಅಲ್ಲೇ ನಿಂತಿತು.

ಜನವರಿಯಲ್ಲಿ ನೀನು ಬಂದಾಗಿನ ಆ ಭಾನುವಾರ ನೆನಪಿದೆಯಾ? ಊಟವಾಗಿ ಎಲ್ಲರೂ ಮಲಗಿದ್ದರು. "ಅಜ್ಜಿ, ಅಲ್ಲಿ ನಮ್ಮ ಮಕ್ಕಳಿಗೆ ಮಾತು ಅರ್ಥವಾಗುತ್ತೆ, ಬಾಯಿಂದ ಹೊರಡಲ್ಲ. ನಿನ್ನ ಮಾತು ಕೇಳಿಸಿ ಹೇಳಿಕೊಡ್ತೀನಿ" ಅಂದೆ ನೀನು. ಒಳ್ಳೆಯದೇ ಅಂದೆ ನಾನು. ನೆಂಟರನ್ನು ಊಟಕ್ಕೆ ಕರೆಯುವ ಮಾತು ಹೇಳಿ ತೋರಿಸಿದೆ, ಬೀಳ್ಕೊಡುವ ಮಾತು ಹೇಳಿ ತೋರಿಸಿದೆ, ಸೋಮಾರಿ ಮೊಮ್ಮಗನನ್ನು ಎಬ್ಬಿಸುವ ಬೈಗುಳವನ್ನೂ ಹೇಳಿದೆ. ಸಾಕು, ಪೆಟ್ಟಿಗೆ ಮುಚ್ಚು ಅಂದೆ. "ಮುಚ್ಚಿದೆ ಅಜ್ಜಿ" ಅಂದೆ ನೀನು. ಆಮೇಲೆ ನನ್ನ ಪಕ್ಕಕ್ಕೆ ಸರಿದು, "ನಾವು ಯಾರ ಮಕ್ಕಳು, ಮೊದಲಿನಿಂದ ಹೇಳು" ಅಂದೆ.

ನಾನು ಹೇಳಿದೆ. ಹೊರಗಿನವರಿಗೆ ವಂಶಾವಳಿ ಹೇಳಬೇಕಾಗಿ ಬಂದರೆ ನಮ್ಮ ಮನೆಯಲ್ಲಿ ಒಂದು ಹೆಸರು ನುಂಗಿ ಹೇಳುತ್ತೇವೆ. ಯಾರಾದರೂ ಕದ್ದು ಒಪ್ಪಿಸಿದರೆ ಆ ಹಳ್ಳದಲ್ಲಿ ಕಾಲು ಸಿಕ್ಕಿಸಿಕೊಂಡು ಬೀಳುತ್ತಾರೆ. ನಿನಗೆ ಒಂದನ್ನೂ ನುಂಗಲಿಲ್ಲ. ಎನೋಕಾನಿಗೆ ಹೇಳಿದ ಹಾಗೇ ನಿನಗೂ ಹೇಳಿದೆ, ಯಾರ ಸಮಾಧಿ ಯಾವ ಮರದ ಬುಡದಲ್ಲಿ ಎನ್ನುವವರೆಗೆ.

ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು ಎಂದು ಪಾದ್ರಿಯಮ್ಮನನ್ನು ಕೇಳಿದೆ. "ಸೊಲೊಮೋನಾ ಅಂತ ಒಬ್ಬರು ಹಿರಿಯರಂತೆ. ಕಣ್ಣು ಮುಚ್ಚಿಕೊಂಡು ಮಕ್ಕಳ ಜೊತೆ ತಾವೂ ತುಟಿ ಆಡಿಸ್ತಿದ್ರಂತೆ. ಭಾಷೆ ಮೇಲೆ ಎಷ್ಟು ಪ್ರೀತಿ ನೋಡಿ!"

ಪ್ರೀತಿಯಂತೆ. ನನ್ನ ಅಣ್ಣ ತೀರಿಕೊಂಡಾಗಿನಿಂದ ನಮ್ಮ ಮನೆತನದ ಯಜಮಾನಿಕೆಯ ಮತಾಯಿ ಪಟ್ಟ ಖಾಲಿ ಇದೆ, ಎನೋಕಾನಿಗೆ ಕಟ್ಟಬೇಕೆಂದು ಮಾತಾಗುತ್ತಿದೆ, ಸೊಲೊಮೋನಾ ತನಗೆ ಬೇಕು ಎನ್ನುತ್ತಿದ್ದಾನೆ. ಇದೆಲ್ಲ ನಿನಗೆ ಗೊತ್ತು. ಪಟ್ಟ ಕೇಳುವವನು ಬಂಧುಗಳ ಮುಂದೆ ಕೂತು ವಂಶ ಹೇಳಬೇಕು. ಅವನಿಗೆ ತನ್ನ ಅಜ್ಜಿಯ ಹೆಸರಿನಾಚೆ ದಾರಿಯೇ ಇರಲಿಲ್ಲ, ಬರೀ ಪೊದೆ. ಆ ಪೊದೆ ಕಡಿದು ದಾರಿ ಮಾಡಿಕೊಟ್ಟವಳು ನೀನು.

ಅವನ ಮನೆಯ ಮಗು ನಿನ್ನ ತರಗತಿಯಲ್ಲಿದೆಯಾ? ನಿನಗೆ ಗೊತ್ತಿತ್ತಾ? ಅಷ್ಟು ಬರೆ. ಅಳುವ ವಿಷಯ ಬರೆಯಬೇಡ.

ನಿನ್ನ ಹೇನು ಹೆಕ್ಕಿ, ನಿನ್ನನ್ನು ಬೆಳೆಸಿದ
ಫುವಾತಿನೋ


ಆಕ್ಲೆಂಡ್
8 ಜುಲೈ 2024

ಪ್ರೀತಿಯ ಅಜ್ಜಿ,

ನಿನ್ನ ಕಾಗದವನ್ನು ಶಾಲೆಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಅಳುವ ವಿಷಯ ಬೇಡ ಅಂದಿದ್ದೀ, ಬಿಟ್ಟೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಫೋನು ಮುಚ್ಚಿರಲಿಲ್ಲ. ಕೊಕೊ ಬಟ್ಟಲಿಗೆ ಒರಗಿಸಿಟ್ಟದ್ದು ಹಾಗೇ ಓಡುತ್ತಿತ್ತು. ನನಗಾಗಿ ಇಟ್ಟುಕೊಳ್ಳೋಣ, ಅಜ್ಜಿ ಇಲ್ಲದ ದಿನ ಕೇಳೋಣ ಎಂದಷ್ಟೇ ಇತ್ತು ಮನಸ್ಸಿನಲ್ಲಿ.

ಆದರೆ ಇಲ್ಲಿಯ ಮಕ್ಕಳನ್ನು ನೀನು ನೋಡಬೇಕು ಅಜ್ಜಿ. ಮನೆಯಲ್ಲಿ ತಾತ ಸಮೋವಾ ಭಾಷೆಯಲ್ಲಿ ಕೇಳುತ್ತಾರೆ, ಇವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಬಾಯಿ ತೆರೆದರೆ ದೊಡ್ಡವರು ನಗುತ್ತಾರೆ ಎಂದು ತೆರೆಯುವುದೇ ಇಲ್ಲ. ಪುಸ್ತಕ ಹಿಡಿದು ಎರಡು ವರ್ಷ ಹೆಣಗಿದೆ. ಬರೆಯುತ್ತಾರೆ, ಓದುತ್ತಾರೆ, ಮಾತಾಡು ಅಂದರೆ ನೆಲ ನೋಡುತ್ತಾರೆ. ನಿನ್ನ ವಿಡಿಯೋ ಹಾಕಿದ ದಿನ ಮೊದಲ ಸಲ ತಲೆ ಎತ್ತಿದರು. ತುಟಿ ಎಲ್ಲಿ ಸೇರುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕಾಣಲಿ ಅಂತ ಬಾಯಿಯನ್ನು ದೊಡ್ಡದು ಮಾಡಿದೆ. ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳುತ್ತಾರೆ, ಹೇಳುತ್ತಾರೆ, ತಮ್ಮ ದನಿಯನ್ನೂ ಹಿಡಿದಿಟ್ಟು ನಿನ್ನ ದನಿಯ ಪಕ್ಕದಲ್ಲಿಟ್ಟು ಕೇಳಿಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ತಪ್ಪಿದರೆ ಅಳಿಸಿ ಇನ್ನೊಮ್ಮೆ.

ಊಟಕ್ಕೆ ಕರೆಯುವುದು, ಬೀಳ್ಕೊಡುವುದು ಬೇಗ ಮುಗಿಯಿತು. ಇನ್ನೂ ಬೇಕು ಅಂದರು. ಆ ಹೆಸರುಗಳನ್ನು ನೀನು ಹೇಳಿದ ಹಾಗೆ ಯಾವುದನ್ನೂ ಹೇಳಿಲ್ಲ ಅಜ್ಜಿ. ಅಷ್ಟು ಚೆಂದದ ಮಾತು ನನ್ನ ಹತ್ತಿರ ಬೇರೆ ಇರಲಿಲ್ಲ. ಅವರಿಗೆ ಅವು ಬರೀ ಹೆಸರು, ಹಾಡಿನ ಹಾಗೆ, ಎಂದುಕೊಂಡೆ.

ಮಾಸಿನಾ ಅಂತ ಒಬ್ಬಳಿದ್ದಾಳೆ, ಹನ್ನೆರಡು ವರ್ಷ. ಒಂದು ವರ್ಷ ನನ್ನ ತರಗತಿಯಲ್ಲಿ ಒಂದು ಮಾತೂ ಆಡಿರಲಿಲ್ಲ. ಈಗ ನಿನ್ನ ಹಾಗೇ ಮಾತಾಡುತ್ತಾಳೆ, ಸೊಂಟಕ್ಕೆ ಕೈಯಿಟ್ಟು. ಅವಳೇ ಸೊಲೊಮೋನಾ ತಾತನ ಮೊಮ್ಮಗಳು. ಅವಳ ಅಡ್ಡಹೆಸರು ಬೇರೆ. ಕಾರ್ಯಕ್ರಮದ ದಿನ ಅವರು ಬಂದು ಮುಂದೆ ಕೂರುವವರೆಗೆ ನನಗೆ ಗೊತ್ತಿರಲಿಲ್ಲ. ನಂಬು.

ಎಲ್ಲವನ್ನೂ ಅಳಿಸಿದ್ದೇನೆ. ಒಮ್ಮೆ ಫೋನು ಎತ್ತು, ಕಾಲಿಗೆ ಬೀಳುತ್ತೇನೆ.

ನಿನ್ನ
ವಾಯೋಲಾ


ವೈತೋಲೋ
26 ಆಗಸ್ಟ್ 2024

ವಾಯೋಲಾ,

ಫೋನಿನಲ್ಲಿ ಕಾಲು ಎಲ್ಲಿಂದ ತರಲಿ, ಬೀಳುವುದಕ್ಕೆ?

ಗೊತ್ತಿರಲಿಲ್ಲ ಎಂದು ಬರೆದಿದ್ದೀ. ನಂಬುತ್ತೇನೆ. ನಿನ್ನ ಮಾತು ನಂಬಿ ನನಗೆ ಅಭ್ಯಾಸವಾಗಿದೆ.

ಹೋದ ಶುಕ್ರವಾರ ಬಂಧುಗಳ ಸಭೆ ನಡೆಯಿತು. ಸೊಲೊಮೋನಾ ವಿಮಾನದಿಂದ ಇಳಿದು ಬಂದ. ಹಣೆಗೆ ಬೆವರು, ಬಗಲಲ್ಲಿ ಉಡುಗೊರೆಯ ನಯಚಾಪೆಗಳ ಸುರುಳಿ. ವಯಸ್ಸಿನಲ್ಲಿ ಹಿರಿಯ ಅಂತ ಅವನಿಗೇ ಮೊದಲ ಮಾತು ಕೊಟ್ಟರು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಶುರು ಮಾಡಿದ. ನನ್ನ ಹೆಸರುಗಳು ವಾಯೋಲಾ, ನಾನಿಟ್ಟ ಅನುಕ್ರಮ, ನಾನು ಉಸಿರು ಎಳೆಯುವ ಜಾಗದಲ್ಲೇ ಅವನ ಉಸಿರು. ಹಂದಿ ಗದರುವುದೊಂದನ್ನು ಬಿಟ್ಟಿದ್ದ. ನನ್ನ ಮುತ್ತಜ್ಜಿಯ ಹೆಸರಿಗೆ ಬಂದು ಅವಳ ಪಕ್ಕದಲ್ಲಿ ಒಬ್ಬ ತಂಗಿಯನ್ನು ಕೂರಿಸಿದ. ಇರಲೇ ಇಲ್ಲದ ತಂಗಿ. ಅವಳಿಂದ ತನ್ನ ಅಜ್ಜಿಗೆ ಇಳಿದ, ಅಜ್ಜಿಯಿಂದ ತನಗೆ. ಅಷ್ಟೂ ನಿಜದ ನಡುವೆ ಒಂದು ಸುಳ್ಳು ಇದ್ದರೆ ಯಾರಿಗೆ ಕಾಣುತ್ತದೆ?

ಆಮೇಲೆ ಎನೋಕಾನ ಸರದಿ. ಅವನೇನು ಹೇಳಬೇಕು? ಅದೇ ಹೆಸರು, ಅದೇ ಮರ, ಅದೇ ಸಮಾಧಿ. ನಾಲ್ಕು ಹೆಸರು ಆಗುವಷ್ಟರಲ್ಲಿ ಕೆಳಗಿನ ಮನೆಯ ಪೇನಿ ಬಾಯಿ ಬಿಟ್ಟ:

"ಏನಯ್ಯಾ ಎನೋಕಾ, ಸೊಲೊಮೋನಾನ ಪಾಠ ಒಪ್ಪಿಸ್ತಿದ್ದೀಯಾ?"

ಎಲ್ಲರೂ ನಕ್ಕರು. ನಿನ್ನ ಮಾವ ಹುಟ್ಟಿನಿಂದ ಮಾತು ಕಮ್ಮಿ, ನಿನಗೆ ಗೊತ್ತು. ಕಿವಿ ಕೆಂಪಾಯಿತು. ಐದನೆಯ ಹೆಸರು ಬರಲಿಲ್ಲ. ತನ್ನ ಮನೆಯಲ್ಲಿ, ತನ್ನ ಅಪ್ಪಂದಿರ ಹೆಸರಿನ ಮುಂದೆ, ಕಳ್ಳನ ಹಾಗೆ ತಲೆ ಬಗ್ಗಿಸಿ ಕೂತ.

"ಇದು ನಮ್ಮ ಮನೆಯಿಂದ ಹೋದದ್ದು" ಅಂದೆ. ಸೊಲೊಮೋನಾ ನಯವಾಗಿ ನಕ್ಕ. "ಅಕ್ಕಾ, ನನ್ನ ಅಜ್ಜಿಯಿಂದ ಬಂದದ್ದು. ನನ್ನ ಮೊಮ್ಮಗಳಿಗೂ ನಾನೇ ಕಲಿಸಿದ್ದೀನಿ, ಬೇಕಾದರೆ ಕೇಳಿ" ಅಂದ.

ಸಭೆ ಮುಂದಕ್ಕೆ ಹೋಯಿತು. ಡಿಸೆಂಬರ್ ಒಂದರ ಭಾನುವಾರ, ಊಟವಾದ ಮೇಲೆ ತೀರ್ಮಾನ.

ಕೆಟ್ಟದ್ದು ಇದಲ್ಲ, ಇನ್ನು ಹೇಳುತ್ತೇನೆ. ಮನೆಯಿಂದ ಹೋಗಿದ್ದರೆ ಯಾರು ಕೊಟ್ಟರು ಎಂಬ ಮಾತು ಹುಟ್ಟದೆ ಇರುತ್ತದಾ? ಎಲ್ಲರ ಕಣ್ಣು ಎನೋಕಾನ ಹೆಂಡತಿ ರೂತಾಳ ಮೇಲೆ ಬಿತ್ತು. ಹೊರಗಿನಿಂದ ಬಂದ ಸೊಸೆ. ಅವಳ ಅಕ್ಕ ಆಕ್ಲೆಂಡಿನಲ್ಲಿ ಸೊಲೊಮೋನಾನ ಚರ್ಚಿಗೇ ಹೋಗುತ್ತಾಳೆ. ಇಷ್ಟು ಸಾಕಲ್ಲ? ನೀರು ತರಲು ಹೋದರೆ ಬೆನ್ನ ಹಿಂದೆ ಕೆಮ್ಮುತ್ತಾರೆ. "ಗಂಡನ ಪಟ್ಟ ಮಾರಿ ಏನು ತಗೊಂಡೆ ತಾಯೀ?" ಎಂದು ಪೇನಿಯ ಹೆಂಡತಿ ಎದುರಿಗೇ ಕೇಳಿದಳು. ಎನೋಕಾ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳಿಗೆ ಸಾಕಾಯಿತು. ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ತಾರೊ ಕಳಿಸಿದೆ, ಅವಳ ತಾಯಿ ಬುಟ್ಟಿಯನ್ನು ಹಾಗೇ ವಾಪಸು ಕಳಿಸಿದಳು.

ರೂತಾ ಅಲ್ಲ, ನನಗೆ ಗೊತ್ತು ಎಂದು ಎಲ್ಲರಿಗೂ ಹೇಳಿದೆ. ಹೇಗೆ ಗೊತ್ತು ಎಂದು ಕೇಳಿದರೆ ಬಾಯಿ ಮುಚ್ಚುತ್ತೇನೆ. ಮುದುಕಿಗೆ ಸೊಸೆಯ ಮೇಲೆ ಮೋಹ ಎನ್ನುತ್ತಾರೆ. ಪಾದ್ರಿಯಮ್ಮನಿಗೂ ಸುಮ್ಮನಿರಿ ಎಂದು ಬೇಡಿಕೊಂಡಿದ್ದೇನೆ. ಯಾಕೆ ಎಂದು ನೀನು ಕೇಳಬಾರದು.

ನೀನು ಬರಬೇಕು. ಸಭೆಗೆ ಮೊದಲು ಬಂದು, ಇದು ಹೀಗೆ ಹೋಯಿತು, ನನ್ನಿಂದ ಹೋಯಿತು ಎಂದು ಹೇಳಬೇಕು. ಮಕ್ಕಳ ಬಾಯಿ ತೆರೆಸುವುದೇ ನಿನ್ನ ಕಸುಬಲ್ಲವಾ? ನಿನ್ನದನ್ನು ತೆರೆ.

ಫುವಾತಿನೋ


ಆಕ್ಲೆಂಡ್
30 ಸೆಪ್ಟೆಂಬರ್ 2024

ಅಜ್ಜಿ,

ತಡವಾಯಿತು, ಕ್ಷಮಿಸು. ಪರೀಕ್ಷೆಗಳು.

ರೂತಾ ಅತ್ತೆಯ ವಿಷಯ ಓದಿ ತುಂಬಾ ಬೇಜಾರಾಯಿತು. ಅವರಿಗೂ ಮಗುವಿಗೂ ಒಂದಿಷ್ಟು ಬಟ್ಟೆ ಕಳಿಸಿದ್ದೇನೆ, ಯಾರು ಕಳಿಸಿದ್ದು ಎಂದು ಹೇಳದೆ ಕೊಡು.

ಬರಲು ಆಗುವ ಹಾಗಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಮುಂದಿನ ವರ್ಷ ನಮ್ಮ ತರಗತಿ ಇರಬೇಕೋ ಬೇಡವೋ ಎಂಬ ತೀರ್ಮಾನ. ಮಕ್ಕಳ ಸಂಖ್ಯೆ ಸಾಲದು ಎನ್ನುತ್ತಿದ್ದಾರೆ. ಒಪ್ಪಿಗೆ ಕೇಳದೆ ಮನೆಯವರ ದನಿ ಬಳಸಿದೆ ಎಂದು ಈಗ ಗೊತ್ತಾದರೆ ಮೊದಲು ನಾನು ಹೋಗುತ್ತೇನೆ, ನನ್ನ ಹಿಂದೆ ತರಗತಿ. ಮಾಸಿನಾಳಿಗೆ ಮಾತುಗಾರಿಕೆಯಲ್ಲಿ ಮೊದಲ ಬಹುಮಾನ ಬಂತು. ಆ ಮಕ್ಕಳು ಮತ್ತೆ ನೆಲ ನೋಡುವ ಹಾಗಾಗುತ್ತದೆ.

ಒಂದು ಯೋಚನೆ ಬಂತು. ನಾನು ಹೇಳಬೇಕಾದ್ದನ್ನು ಇಲ್ಲೇ ವಿಡಿಯೋ ಮಾಡಿ ಕಳಿಸುತ್ತೇನೆ. ಮಾವನೊಬ್ಬನಿಗೇ ತೋರಿಸು. ಸಭೆಯಲ್ಲಿ ಬೇಡ.

ನಿನ್ನ ಮಂಡಿನೋವು ಹೇಗಿದೆ?

ವಾಯೋಲಾ


ವೈತೋಲೋ
4 ನವೆಂಬರ್ 2024

ವಾಯೋಲಾ,

ಬಟ್ಟೆಯ ಗಂಟು ಬಂದಿದೆ. ಬಿಚ್ಚಿಲ್ಲ. ಮಂಡಿ ಅಲ್ಲೇ ಇದೆ, ನೋಯುತ್ತಿದೆ.

ಮೂರು ವಾರದಿಂದ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಚರ್ಚಿನಲ್ಲಿ ನಡೆಯುವ ಮಕ್ಕಳ ಹಬ್ಬ, ಬಿಳಿ ಭಾನುವಾರಕ್ಕೆ ಸೊಲೊಮೋನಾ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ. ಚರ್ಚಿನಲ್ಲಿ ಅವಳು ಎದ್ದು ನಿಂತು ವಾಕ್ಯ ಹೇಳಿದಳು. ನನ್ನ ಪಕ್ಕದಲ್ಲಿದ್ದ ಮುದುಕಿ ತಿರುಗಿ ನನ್ನ ಮುಖ ನೋಡಿದಳು, ನಾನು ಕೂತಿದ್ದೀನೋ ಅಲ್ಲಿ ನಿಂತಿದ್ದೀನೋ ಎಂದು. ರೂತಾ ಹಿಂದಿನ ಬೆಂಚಿನಲ್ಲಿ ತವರಿನವರ ಜೊತೆ ಇದ್ದಳು. ಮಗುವಿಗೆ ಹಲ್ಲು ಬರುತ್ತಿದೆ. ನನ್ನನ್ನು ಕಂಡು ಕೈ ಚಾಚಿತು. ರೂತಾ ಮೆಲ್ಲಗೆ ಅದರ ಮುಖವನ್ನು ಆ ಕಡೆ ತಿರುಗಿಸಿದಳು. ಒರಟಾಗಿ ತಿರುಗಿಸಿದ್ದರೆ ಬೈದು ಹಗುರಾಗುತ್ತಿದ್ದೆ.

ಮರುದಿನ ರಜೆ. ತನ್ನ ತಾತ ಮಲಗಿದ್ದಾಗ ಆ ಮಾಸಿನಾ ಒಬ್ಬಳೇ ನಮ್ಮ ಮನೆಗೆ ಬಂದಳು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದು, ಕಾಲು ಮಡಿಸಿ ಕೂತು, ಆಮೇಲೆ ಮಾತು.

"ಅಜ್ಜೀ, ನಿಮ್ಮನ್ನ ನಾನು ದಿನಾ ನೋಡ್ತಿದ್ದೆ."

"ಎಲ್ಲಿ ನೋಡ್ತಿದ್ದೆ?"

"ಗೋಡೆ ಮೇಲೆ. ನಿಮಗೆ ಮೂಗು, ಕಣ್ಣೆಲ್ಲ ಇದೆ ಅಂತ ಈಗ ಗೊತ್ತಾಯ್ತು."

ನಾನು ನಕ್ಕುಬಿಟ್ಟೆ ವಾಯೋಲಾ. ಕೊಕೊ ಕಾಸಿ ಕೊಟ್ಟೆ. ಮನೆಯಲ್ಲೂ ಅಭ್ಯಾಸ ಮಾಡುತ್ತಿದ್ದೆಯಾ ಎಂದು ಕೇಳಿದೆ, ಸುಮ್ಮನೆ ಮಾತಿಗೆ.

"ಹೂಂ, ಮೇಡಂ ಮನೆಗೂ ಕೊಟ್ಟಿದ್ರು. ತಾತನೇ ಶಾಲೆಗೆ ಬಂದು ಕೇಳಿದ್ರು."

"ಯಾವಾಗ?"

"ಈಸ್ಟರ್‌ಗಿಂತ ಮುಂಚೆ. ನಮ್ಮ ತರಗತಿ ಇರಬೇಕೋ ಬೇಡವೋ ಅಂತ ಹೇಳೋ ಸಮಿತೀಲಿ ತಾತ ಇದ್ದಾರಲ್ಲ? ಮೇಡಂ ಟೀ ಕೊಟ್ರು. ಇದು ನಮ್ಮಜ್ಜಿ ಹೇಳಿದ್ದು, ನಮ್ಮ ಮನೆಯ ಹೆಸರುಗಳು ಅಂದ್ರು. ತಾತ ಕೇಳಿ ಕೇಳಿ ಅತ್ತುಬಿಟ್ರು. ತರಗತಿ ಎಲ್ಲೂ ಹೋಗಲ್ಲ ಮಗಳೇ, ನಾನಿದ್ದೀನಿ ಅಂದ್ರು."

"ಆಮೇಲೆ?"

"ಮೇಡಂ ಹೇಳಿದ್ರು, ಊರಿಗೆ ಹೋದಾಗ ಅಜ್ಜಿಗೆ ಮಾತ್ರ ಹೇಳಬೇಡಿ ಅಂತ." ಹೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ. ನಾನು ಹೇಳಿಬಿಟ್ನಾ?"

ಇಲ್ಲ ಮಗಾ, ಕುಡಿ ಎಂದೆ. ಹೋಗುವಾಗ ನನ್ನನ್ನು ಬೀಳ್ಕೊಟ್ಟಳು. ಜನವರಿಯಲ್ಲಿ ನಾನು ನಿನ್ನ ಪೆಟ್ಟಿಗೆಗೆ ಹೇಳಿದ ಮಾತು, ಅಕ್ಷರ ಬಿಡದೆ, ತಲೆ ಬಾಗಿಸುವ ಕಡೆ ಬಾಗಿಸಿ. ಎನೋಕಾನ ಅಣ್ಣನ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರು, ಅವರಿಗೆ ಅಷ್ಟು ಚೆಂದ ಬರುವುದಿಲ್ಲ. ನಿನ್ನ ಕಲಿಸುವ ರೀತಿ ಸರಿ ಇದೆ. ನಾನು ದಡ್ಡಿಯಲ್ಲ, ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವುದಿಲ್ಲ. ಆ ಮಗುವಿನ ಬಾಯಲ್ಲಿ ಮಾತು ಬದುಕಿದೆ. ಅದನ್ನು ಮಾಡಿದವಳು ನೀನು.

ಅದಕ್ಕೇ ನನಗೆ ಹೆಚ್ಚು ಉರಿಯುತ್ತದೆ.

ಕಾರ್ಯಕ್ರಮದ ದಿನದವರೆಗೆ ಗೊತ್ತಿರಲಿಲ್ಲ, ನಂಬು ಎಂದು ನೀನು ಬರೆದಿದ್ದೆ. ನಿನ್ನ ಕೈಬರಹ. ನಂಬಿದೆ. ನಂಬಿ ರೂತಾಳನ್ನು ಊರಿನ ಬಾಯಿಗೆ ಕೊಟ್ಟು ಕೂತೆ. ನನ್ನ ಮೊಮ್ಮಗಳು ತಿಳಿಯದೆ ಮಾಡಿದಳು, ಅವಳೇ ಬಂದು ಹೇಳಲಿ, ಅಲ್ಲಿಯವರೆಗೆ ಅವಳ ಹೆಸರು ನನ್ನ ಹೊಟ್ಟೆಯಲ್ಲಿರಲಿ ಎಂದುಕೊಂಡೆ. ತಿಳಿಯದೆ ಅಲ್ಲ. ಟೀ ಕೊಟ್ಟು, ಎದುರಿಗೆ ಕೂರಿಸಿ, ಇವು ಯಾರ ಹೆಸರು ಎಂದೂ ಹೇಳಿ ಕೊಟ್ಟೆ ನೀನು. ಅವನಿಗೆ ಪಟ್ಟ ಬೇಕು ಎಂದು ನಿನಗೆ ಗೊತ್ತಿತ್ತು. ನಿನಗೆ ತರಗತಿ ಬೇಕಿತ್ತು. ಬಿಡಿಸಿ ಬರೆಯುವುದಕ್ಕೆ ನನಗೆ ನಾಚಿಕೆ, ನೀನೇ ಬಿಡಿಸಿಕೋ.

ಕೇಳಿದ್ದರೆ ಏನಾಗುತ್ತಿತ್ತು? "ಅಜ್ಜಿ, ಈ ಮುದುಕ ನನ್ನ ಕತ್ತು ಹಿಡಿದಿದ್ದಾನೆ" ಎಂದು ಒಂದು ಮಾತು. ಮೀನು ಹಿಡಿಯುವ ಕಥೆ ಕೊಡುತ್ತಿದ್ದೆ, ದೆವ್ವದ ಕಥೆ ಕೊಡುತ್ತಿದ್ದೆ, ನಿನ್ನ ತಾತ ಜೀಗುಜ್ಜೆ ಮರದಿಂದ ಪಾದ್ರಿಯ ಮೇಲೆ ಬಿದ್ದ ಕಥೆ ಕೊಡುತ್ತಿದ್ದೆ. ಮಕ್ಕಳು ವರ್ಷವಿಡೀ ನಕ್ಕು ಕಲಿಯುತ್ತಿದ್ದವು. ಬಾಯಿಯೇನು, ಇಡೀ ಮುಖ ಕೊಡುತ್ತಿದ್ದೆ.

ವಿಡಿಯೋ ಕಳಿಸುತ್ತೇನೆ ಅಂದಿದ್ದೀ. ಬೇಡ. ಅದಕ್ಕೆ ಎದುರು ಪ್ರಶ್ನೆ ಕೇಳಲಿಕ್ಕಾಗುವುದಿಲ್ಲ. ರೂತಾ ಅದರ ಕೆನ್ನೆಗೆ ಹೊಡೆಯಲಿಕ್ಕೂ ಆಗುವುದಿಲ್ಲ. ಹೊಡೆಯುವ ಹಕ್ಕು ಅವಳಿಗಿದೆ.

ಈಗ ನಾನು ಹೇಳುವುದನ್ನು ಕೇಳು. ತರಗತಿ ಹೋಗಬಹುದು, ಸುಳ್ಳು ಹೇಳುವುದಿಲ್ಲ. ಪಟ್ಟವೂ ಎನೋಕಾನ ಕೈ ಬಿಟ್ಟು ಹೋಗಬಹುದು. ಅವನು ಪಟ್ಟವಿಲ್ಲದೆ ಮೀನು ಹಿಡಿದುಕೊಂಡು ಬದುಕುತ್ತಾನೆ. ಹೆಂಡತಿ ಮಗು ಇಲ್ಲದೆ ಬದುಕುವುದಿಲ್ಲ, ಈಗಲೇ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿರುತ್ತಾನೆ. ನೀನು ಬಂದು ಬಂಧುಗಳ ಮುಂದೆ ಕೂತು, "ರೂತಾ ಅತ್ತೆ ಅಲ್ಲ, ನಾನು" ಎಂದು ಹೇಳಬೇಕು. ಅಷ್ಟೇ ಸಾಕು. ತಡವರಿಸಿದರೂ ಪರವಾಗಿಲ್ಲ, ಇಲ್ಲಿ ಅಳಿಸಿ ಇನ್ನೊಮ್ಮೆ ಹೇಳುವಂತಿಲ್ಲ. ಬರುತ್ತೇನೆ ಎಂದರೆ ಹಡಗುಕಟ್ಟೆಗೆ ನಾನೇ ಬಂದು ನಿಲ್ಲುತ್ತೇನೆ, ಸಭೆಗೆ ನಿನ್ನ ಪಕ್ಕದಲ್ಲೇ ಕೂರುತ್ತೇನೆ.

ಬರುವುದಿಲ್ಲವಾದರೆ "ಬರುವುದಿಲ್ಲ" ಎಂದು ಬರೆ. ಕಾರಣ ಬರೆಯಬೇಡ, ನಿನ್ನ ಕಾರಣಗಳು ತುಂಬಾ ಚೆಂದವಾಗಿರುತ್ತವೆ. ಏನೂ ಬರೆಯದೆ ಕೂತರೆ, ಭಾನುವಾರ ಊಟವಾಗಿ ಕೈ ತೊಳೆದ ಮೇಲೆ ನಾನೇ ನಿನ್ನ ಹೆಸರು ಹೇಳುತ್ತೇನೆ. ಎನೋಕಾ ಕೇಳುತ್ತಾನೆ, ಸೊಲೊಮೋನಾ ಕೇಳುತ್ತಾನೆ, ಊರು ಕೇಳುತ್ತದೆ. ಆಮೇಲೆ ಅಲ್ಲಿಂದ ನಡೆದು ರೂತಾಳ ತವರಿಗೆ ಹೋಗಿ ಅವರ ಅಂಗಳದಲ್ಲಿ ಕ್ಷಮೆ ಬೇಡುವವರು ಕೂರುವ ಹಾಗೆ ತಲೆಯ ಮೇಲೆ ಚಾಪೆ ಹೊದ್ದು ಕೂರುತ್ತೇನೆ, ಅವರು ಬಂದು ತೆಗೆಯುವವರೆಗೆ. ನೀನು ಕೂರಬೇಕಾದ ಜಾಗ ಅದು. ನನ್ನ ಮಂಡಿಗೆ ಅಷ್ಟು ಹೊತ್ತು ಆಗುತ್ತದೋ ಇಲ್ಲವೋ, ಅದು ನನ್ನ ಪಾಡು.

ಈ ಕಾಗದವನ್ನು ಪಾದ್ರಿಯಮ್ಮನ ತಮ್ಮನ ಕೈಲಿ ಕಳಿಸುತ್ತಿದ್ದೇನೆ. ಹದಿನೈದು ದಿನದಲ್ಲಿ ವಾಪಸು ಬರುತ್ತಾನೆ, ಉತ್ತರವನ್ನು ಅವನ ಕೈಯಲ್ಲೇ ಕೊಡು. ಫೋನು ಮಾಡಬೇಡ, ಎತ್ತುವುದಿಲ್ಲ. ಡಿಸೆಂಬರ್ ಹುಟ್ಟುವ ಮೊದಲು ನಿನ್ನ ಕೈಬರಹ ನನ್ನ ಕೈಯಲ್ಲಿರಬೇಕು. ಬರೆ.

ಇನ್ನೂ ನಿನ್ನ ಅಜ್ಜಿ,
ಫುವಾತಿನೋ